ಸೀನಿಯರ್ ಪೆನ್‌ಟೆಸ್ಟರ್ ಕೆಲಸ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಸೈಬರ್ ಸೆಕ್ಯುರಿಟಿ ಕನ್ಸಲ್ಟಿಂಗ್ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ವಿಸಿಟಿಂಗ್ ಕಾರ್ಡಿನ ಮೇಲೆ ಈಗ ಸೀನಿಯರ್ ಪೆನಿಟ್ರೇಷನ್ ಟೆಸ್ಟರ್ ಅಂತಿದೆ. ಕಾಲೇಜು ಮಕ್ಕಳು, ಡೆವಲಪರ್ ಗೆಳೆಯರು, ಕ್ಲೈಂಟ್‌ಗಳು, ಮದುವೆಮನೆಯಲ್ಲಿ ಸಿಗುವ ನೆಂಟರು ಎಲ್ಲ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಕ್ಲೈಂಟ್‌ಗಳ ಗುರುತು ಹತ್ತದ ಹಾಗೆ ವಿವರ ಬದಲಿಸಿದ್ದೇನೆ.

ಅಂದ್ರೆ ನೀವು ಹ್ಯಾಕರ್ರಾ?

ಹೌದು, ರಸೀದಿ ಇರುವ ಹ್ಯಾಕರ್. ಒಂದು ಕಂಪನಿ ದುಡ್ಡು ಕೊಟ್ಟು, ಕಾಗದಕ್ಕೆ ಸಹಿ ಹಾಕಿ, "ಈ ಆ್ಯಪ್, ಈ ಸರ್ವರ್, ಇಷ್ಟು ದಿನ, ಒಳಗೆ ನುಗ್ಗೋಕೆ ಆಗುತ್ತಾ ನೋಡಿ" ಅನ್ನುತ್ತದೆ. ನಾವು ನೋಡುತ್ತೇವೆ. ನುಗ್ಗಿದ ದಾರಿಯನ್ನು ಬರೆದುಕೊಡುತ್ತೇವೆ. ಅವರು ಮುಚ್ಚಿದ ಮೇಲೆ ನಿಜವಾಗಿ ಮುಚ್ಚಿದೆಯಾ ಅಂತ ಮತ್ತೊಮ್ಮೆ ತಳ್ಳಿ ನೋಡುತ್ತೇವೆ. ಸಿನಿಮಾದಲ್ಲಿ ತೋರಿಸುವ ಹಸಿರು ಅಕ್ಷರಗಳ ಮಳೆ ನಮ್ಮಲ್ಲಿಲ್ಲ. ನನ್ನ ಪರದೆಯ ಮೇಲೆ ಅತಿ ಹೆಚ್ಚು ಹೊತ್ತು ತೆರೆದಿರುವುದು ಬರ್ಪ್ ಸೂಟ್ (ಆ್ಯಪ್ ಮತ್ತು ಸರ್ವರ್ ನಡುವಿನ ಮಾತನ್ನು ಹಿಡಿದು ತಿದ್ದುವ ಟೂಲ್), ಅದು ಬಿಟ್ಟರೆ ವರ್ಡ್.

ಟೆಂಡರ್‌ಗಳಲ್ಲಿ ವಿಎಪಿಟಿ ಅಂತ ಬರುತ್ತಲ್ಲ, ಎರಡೂ ಒಂದೇನಾ?

ವಿಎ ಅಂದರೆ ವಲ್ನರಬಿಲಿಟಿ ಅಸೆಸ್‌ಮೆಂಟ್, ಪಿಟಿ ಅಂದರೆ ಪೆನಿಟ್ರೇಷನ್ ಟೆಸ್ಟ್. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಅದಕ್ಕೇ ಗೊಂದಲ. ಮನೆಯ ಸುತ್ತ ಒಂದು ಸುತ್ತು ಬಂದು "ಹಿಂದಿನ ಕಿಟಕಿಗೆ ಚಿಲಕ ಇಲ್ಲ, ಹಿತ್ತಲ ಬಾಗಿಲು ಸಡಿಲ" ಅಂತ ಪಟ್ಟಿ ಮಾಡಿದರೆ ಅದು ವಿಎ. ಅದನ್ನು ಬಹುಮಟ್ಟಿಗೆ ಸ್ಕ್ಯಾನರ್ರೇ ಮಾಡುತ್ತದೆ. ಆ ಕಿಟಕಿಯಿಂದ ಇಳಿದು, ಬೀರುವಿನ ಕೀ ಅಕ್ಕಿ ಡಬ್ಬದಲ್ಲಿದೆ ಅಂತ ಕಂಡುಹಿಡಿದು, ಬೀರು ತೆಗೆದು, ಏನನ್ನೂ ಮುಟ್ಟದೆ ಫೋಟೋ ತೆಗೆದುಕೊಂಡು ಬಂದರೆ ಅದು ಪಿಟಿ. ಸ್ಕ್ಯಾನರ್ ಓಡಿಸಿ, ಬಂದ ಪಿಡಿಎಫ್‌ಗೆ ತಮ್ಮ ಲೋಗೋ ಅಂಟಿಸಿ ಪಿಟಿ ಅಂತ ಮಾರುವವರು ಇದ್ದಾರೆ. ದರ ನೋಡಿದರೇ ಗೊತ್ತಾಗುತ್ತದೆ.

ಜೂನಿಯರ್‌ಗೂ ಸೀನಿಯರ್‌ಗೂ ಏನು ವ್ಯತ್ಯಾಸ? ಜಾಸ್ತಿ ಟೂಲ್ ಗೊತ್ತಿರುತ್ತಾ?

ಟೂಲ್ ವಿಷಯಕ್ಕೆ ಬಂದರೆ ನಮ್ಮ ತಂಡದ ಇಪ್ಪತ್ತಮೂರರ ಹುಡುಗ ನನಗಿಂತ ಚುರುಕು. ಅವನು ಮೂರು ಗಂಟೆಯಲ್ಲಿ ಮುರಿಯುವುದನ್ನು ಮುರಿಯಲು ನನಗೆ ಒಂದು ದಿನ ಬೇಕಾದೀತು. ಆದರೆ ಅವನು ಮುರಿದದ್ದಕ್ಕೆ ಉತ್ತರ ಕೊಡಬೇಕಾದವಳು ನಾನು. ಎಷ್ಟು ದಿನದ ಕೆಲಸ ಅಂತ ಮೊದಲೇ ಅಂದಾಜು ಹಾಕುವುದು, ಯಾವುದನ್ನು ಮುಟ್ಟಬಾರದು ಅಂತ ಬರೆದು ಸಹಿ ಹಾಕಿಸುವುದು, ಒಳಗೆ ಹೋದಮೇಲೆ ಎಲ್ಲಿಗೆ ಸಾಕು ಅನ್ನುವುದು, ರಾತ್ರಿ ಹನ್ನೊಂದಕ್ಕೆ ಕ್ಲೈಂಟ್ ಫೋನ್ ಮಾಡಿ "ಸರ್ವರ್ ಮಲಗಿದೆ, ನೀವೇನಾದ್ರೂ ಮಾಡಿದ್ರಾ?" ಅಂದಾಗ ಎರಡು ನಿಮಿಷದಲ್ಲಿ ಹೌದು ಅಥವಾ ಇಲ್ಲ ಅನ್ನುವುದು, ಇವೆಲ್ಲ ಸೀನಿಯರ್ ಕೆಲಸ. ಆ ಎರಡು ನಿಮಿಷದ ಉತ್ತರಕ್ಕಾಗಿ ನಮ್ಮ ತಂಡದಲ್ಲಿ ಎಲ್ಲರೂ ಯಾವ ಐಪಿಯಿಂದ (ನೆಟ್‌ವರ್ಕ್ ವಿಳಾಸದಿಂದ), ಎಷ್ಟು ಗಂಟೆಗೆ, ಯಾವ ಕಮಾಂಡ್ ಅಂತ ದಿನಚರಿ ಬರೆಯುತ್ತಾರೆ. ಬರೆಯದವರ ಜೊತೆ ನಾನು ಕೆಲಸ ಮಾಡುವುದಿಲ್ಲ. ಈ ಒಂದು ವಿಷಯದಲ್ಲಿ ಹಟಮಾರಿ ಅಂತ ಹೆಸರಿದೆ.

ಅಂದ ಹಾಗೆ, ಕ್ಲೈಂಟ್ ಆಫೀಸಿಗೆ ತಂಡದ ಜೊತೆ ಹೋದಾಗ "ಮೇಡಂ, ಟೆಸ್ಟ್ ಮಾಡೋರು ಯಾವಾಗ ಬರ್ತಾರೆ?" ಅಂತ ಈಗಲೂ ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ "ಬಂದಾಯ್ತು ಸರ್, ಲ್ಯಾನ್ ಪೋರ್ಟ್ ಎಲ್ಲಿದೆ?" ಅನ್ನುತ್ತೇನೆ.

ಎಷ್ಟು ದಿನದ ಕೆಲಸ ಅಂತ ಹೇಗೆ ಅಂದಾಜು ಹಾಕ್ತೀರಿ?

"ಸಣ್ಣ ಆ್ಯಪ್ ಮೇಡಂ, ಎರಡು ದಿನ ಸಾಕು" ಅನ್ನುವ ಮಾತಿನಿಂದ ಎಲ್ಲ ಶುರುವಾಗುತ್ತದೆ. ನಾನು ಪರದೆಗಳನ್ನು ಎಣಿಸುವುದಿಲ್ಲ, ರೋಲ್‌ಗಳನ್ನು ಎಣಿಸುತ್ತೇನೆ. ಒಂದು ಸಾಲದ ಆ್ಯಪ್ ಅಂದುಕೊಳ್ಳಿ. ಅರ್ಜಿ ಹಾಕುವ ಗ್ರಾಹಕ, ಎಂಟ್ರಿ ಮಾಡುವ ಮೇಕರ್, ಒಪ್ಪುವ ಚೆಕರ್, ಬ್ರಾಂಚ್ ಮ್ಯಾನೇಜರ್, ಹೆಡ್ ಆಫೀಸು, ಅಡ್ಮಿನ್. ಆರು ರೋಲ್ ಆಯಿತು. ಒಬ್ಬೊಬ್ಬರೂ ಉಳಿದವರ ಕೆಲಸವನ್ನು ಕದ್ದು ಮಾಡಬಹುದಾ ಅಂತ ನೋಡಬೇಕು. ಮೇಕರ್ ತನ್ನ ಎಂಟ್ರಿಯನ್ನು ತಾನೇ ಒಪ್ಪಿಕೊಳ್ಳಬಹುದಾ? ಹುಬ್ಬಳ್ಳಿ ಬ್ರಾಂಚಿನವರು ಮೈಸೂರಿನ ಫೈಲ್ ತೆರೆಯಬಹುದಾ? ಪ್ರತಿ ಎಪಿಐಗೂ (ಆ್ಯಪ್ ಸರ್ವರನ್ನು ಮಾತಾಡಿಸುವ ದಾರಿಗೂ) ಇಷ್ಟೂ ಪರೀಕ್ಷೆ. ಎರಡು ದಿನಕ್ಕೆ ಲಾಗಿನ್ ಪುಟ ದಾಟುವುದೂ ಕಷ್ಟ.

ಆಮೇಲೆ ಬೇಸರದ ಪ್ರಶ್ನೆಗಳಿವೆ. ಟೆಸ್ಟ್ ಲಾಗಿನ್‌ಗಳು ಮೊದಲ ದಿನ ಬೆಳಿಗ್ಗೆ ಕೈಗೆ ಸಿಗುತ್ತವಾ? ಒಟಿಪಿ ಯಾರ ಮೊಬೈಲಿಗೆ ಹೋಗುತ್ತದೆ? ನಮ್ಮ ಐಪಿಯನ್ನು ವ್ಯಾಫ್, ಅಂದರೆ ವೆಬ್ ಆ್ಯಪ್ ಕಾಯುವ ಫೈರ್‌ವಾಲ್, ತಡೆಯದ ಹಾಗೆ ಬಿಟ್ಟಿದ್ದೀರಾ? ಐದು ದಿನದ ಪ್ರಾಜೆಕ್ಟಿನಲ್ಲಿ ಎರಡು ದಿನ ಒಟಿಪಿ ಕಾಯುತ್ತಾ ಕಳೆದದ್ದಿದೆ. ಒಟಿಪಿ ಬರುತ್ತಿದ್ದದ್ದು ರಜೆ ಹಾಕಿ ಊರಿಗೆ ಹೋಗಿದ್ದ ಒಬ್ಬ ಕ್ಯೂಎ ಹುಡುಗನ ಫೋನಿಗೆ.

ಅನುಮತಿ ಪತ್ರ ಅಂದ್ರೆ ಬರೀ ಫಾರ್ಮಾಲಿಟಿ ಅಲ್ವಾ?

ಆ ಪತ್ರ ಇಲ್ಲದಿದ್ದರೆ ನಾನು ಮಾಡುವುದು ಅಪರಾಧ. ಐಟಿ ಕಾಯ್ದೆ, 2000ರ ಸೆಕ್ಷನ್ 43 ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದರ ಬಗ್ಗೆ ಹೇಳುತ್ತದೆ, ಅದಕ್ಕೆ ಪರಿಹಾರ ಕಟ್ಟಿಕೊಡಬೇಕು. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ ಸೆಕ್ಷನ್ 66 ಬರುತ್ತದೆ: ಮೂರು ವರ್ಷದವರೆಗೆ ಜೈಲು, ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸರ್ಕಾರ "ಸಂರಕ್ಷಿತ ವ್ಯವಸ್ಥೆ" ಅಂತ ಘೋಷಿಸಿದ್ದನ್ನು ಮುಟ್ಟಲು ಯತ್ನಿಸಿದರೂ ಸೆಕ್ಷನ್ 70ರಡಿ ಹತ್ತು ವರ್ಷದವರೆಗೆ ಶಿಕ್ಷೆಯಿದೆ.

ಪತ್ರ ಇದ್ದರಷ್ಟೇ ಸಾಲದು, ಸಹಿ ಹಾಕಿದವರಿಗೆ ಆ ಅಧಿಕಾರ ಇರಬೇಕು. ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಅಮೆರಿಕದ ಅಯೋವಾ ರಾಜ್ಯದ್ದು. ಅಲ್ಲಿನ ರಾಜ್ಯ ನ್ಯಾಯಾಂಗ ಆಡಳಿತವು ಕೋರ್ಟ್ ಕಟ್ಟಡಗಳ ಭದ್ರತೆಯನ್ನು ಪರೀಕ್ಷಿಸಲು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಸೆಪ್ಟೆಂಬರ್ 2019ರಲ್ಲಿ ಇಬ್ಬರು ಟೆಸ್ಟರ್‌ಗಳು ಡಲ್ಲಾಸ್ ಕೌಂಟಿಯ ಕೋರ್ಟಿಗೆ ನಡುರಾತ್ರಿ ನುಗ್ಗಿದರು. ಅಲಾರಂ ಹೊಡೆಯಿತು, ಪೊಲೀಸರು ಬಂದರು, ಇವರು ಪತ್ರ ತೋರಿಸಿದರು. ಆದರೆ ಕಟ್ಟಡ ಕೌಂಟಿಯದ್ದು, ಅದರೊಳಗೆ ನುಗ್ಗಿ ಅನ್ನಲು ರಾಜ್ಯಕ್ಕೆ ಏನು ಹಕ್ಕು ಅಂತ ಅಲ್ಲಿನ ಶೆರಿಫ್ ಪಟ್ಟು ಹಿಡಿದ. ಇಬ್ಬರೂ ಕಳ್ಳತನದ ಆರೋಪದ ಮೇಲೆ ಜೈಲು ಸೇರಿದರು. ಕೇಸು ಬಿದ್ದುಹೋಗಲು ಜನವರಿ 2020 ಬರಬೇಕಾಯಿತು.

ಇದು ದೂರದ ಕಥೆಯೇನೂ ಅಲ್ಲ. ನಮ್ಮ ಸಣ್ಣ ಸಹಕಾರಿ ಬ್ಯಾಂಕುಗಳ ಕೋರ್ ಬ್ಯಾಂಕಿಂಗ್ ಎಷ್ಟೋ ಕಡೆ ಬ್ಯಾಂಕಿನೊಳಗೆ ಇರುವುದೇ ಇಲ್ಲ, ಯಾವುದೋ ವೆಂಡರ್‌ನ ಡೇಟಾ ಸೆಂಟರಿನಲ್ಲಿ ಇನ್ನೂ ಹತ್ತಾರು ಬ್ಯಾಂಕುಗಳ ಜೊತೆ ಕೂತಿರುತ್ತದೆ. ಬ್ಯಾಂಕಿನ ಜನರಲ್ ಮ್ಯಾನೇಜರ್ ಸಂತೋಷದಿಂದ ಸಹಿ ಹಾಕುತ್ತಾರೆ. ಅವರು ಅನುಮತಿ ಕೊಡಬಹುದಾದದ್ದು ತಮ್ಮ ಮನೆಗೆ ಮಾತ್ರ, ವಠಾರಕ್ಕಲ್ಲ. ವೆಂಡರ್ ಕೈಯಿಂದಲೂ ಪತ್ರ ಬರುವ ತನಕ ನಾನು ಲ್ಯಾಪ್‌ಟಾಪ್ ತೆಗೆಯುವುದಿಲ್ಲ. ಸೇಲ್ಸ್‌ನವರಿಗೆ ಇದು ಇಷ್ಟವಾಗುವುದಿಲ್ಲ.

ನಿಮ್ಮಿಂದ ಯಾವತ್ತಾದರೂ ಏನಾದರೂ ಕೆಟ್ಟಿದೆಯಾ?

ಕೆಟ್ಟಿದೆ. ಸೀನಿಯರ್ ಆಗಿ ಆರು ತಿಂಗಳಾಗಿತ್ತು. ಒಂದು ದೊಡ್ಡ ಕಂಪನಿಯ ಇಂಟರ್ನಲ್ ಟೆಸ್ಟ್. ಪಾಸ್‌ವರ್ಡ್ ಸ್ಪ್ರೇ ಮಾಡುತ್ತಿದ್ದೆ, ಅಂದರೆ ಎಲ್ಲರೂ ಇಟ್ಟಿರಬಹುದಾದ ಒಂದೇ ಪಾಸ್‌ವರ್ಡನ್ನು ಎಲ್ಲ ಯೂಸರ್‌ಗಳ ಮೇಲೆ ಒಂದೊಂದು ಸಲ ಪ್ರಯತ್ನಿಸುವುದು. ಊರಿನ ಹೆಸರು, ಅಟ್ ಗುರುತು, 123 ಸೇರಿಸಿದರೆ ಯಾರಾದರೊಬ್ಬರು ಸಿಗದೆ ಇರುವುದಿಲ್ಲ. ಡೊಮೇನ್ ಪಾಲಿಸಿ (ಕಂಪನಿಯ ಎಲ್ಲ ಲಾಗಿನ್‌ಗಳಿಗೆ ಇಟ್ಟ ನಿಯಮ) ನೋಡಿದ್ದೆ: ಐದು ತಪ್ಪಾದರೆ ಅಕೌಂಟ್ ಲಾಕ್, ಅರ್ಧ ಗಂಟೆಗೆ ಲೆಕ್ಕ ಸೊನ್ನೆ. ನಾನು ಗಂಟೆಗೊಂದೇ ಸುತ್ತು ಬಿಡುತ್ತಿದ್ದೆ. ಧೈರ್ಯವಾಗಿದ್ದೆ.

ನನಗೆ ಕಾಣದೆ ಇದ್ದದ್ದು, ಟ್ರೆಷರಿ ವಿಭಾಗದ ಗುಂಪಿಗೆ ಅವರು ಬೇರೆಯೇ ಪಾಲಿಸಿ ಇಟ್ಟಿದ್ದರು. ಮೂರು ತಪ್ಪಿಗೆ ಲಾಕ್, ಲೆಕ್ಕ ಸೊನ್ನೆಯಾಗಲು ಇಡೀ ದಿನ. ಹೀಗೆ ಗುಂಪಿಗೊಂದು ಪಾಲಿಸಿ ಇಡುವುದು ವಿಂಡೋಸ್ ಸರ್ವರ್ 2008ರಿಂದಲೂ ಸಾಧ್ಯ, ಮತ್ತು ಸಾಮಾನ್ಯ ಯೂಸರ್‌ಗೆ ಅದು ಕಣ್ಣಿಗೆ ಬೀಳುವುದಿಲ್ಲ. ಸೋಮವಾರ ಬೆಳಿಗ್ಗೆ ಮೂರನೇ ಸುತ್ತು ಹೋಯಿತು. ಅದು ಪೇಮೆಂಟ್ ಫೈಲ್‌ಗಳನ್ನು ಬಿಡುವ ಹೊತ್ತು. ಇಡೀ ಟ್ರೆಷರಿಯವರು ಲಾಗಿನ್ ಆಗಲಾರದೆ ಕೂತರು.

ಹೆಲ್ಪ್‌ಡೆಸ್ಕ್ ಕಡೆ ಗದ್ದಲ ಕೇಳಿಸಿತು. ಒಂದು ಕ್ಷಣ ಸುಮ್ಮನಿರೋಣ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಎದ್ದು ಹೋಗಿ ಐಟಿ ಹೆಡ್‌ಗೆ "ಸರ್, ಇದು ನನ್ನಿಂದ ಆಗಿದ್ದು. ಇದು ಶುರುವಾದ ಟೈಮ್, ಇದು ಯೂಸರ್‌ಗಳ ಪಟ್ಟಿ" ಅಂತ ಕಾಗದ ಕೊಟ್ಟೆ. ಪಟ್ಟಿ ಇದ್ದದ್ದರಿಂದ ಇಪ್ಪತ್ತು ನಿಮಿಷದಲ್ಲಿ ಎಲ್ಲ ಅನ್‌ಲಾಕ್ ಆಯಿತು. ಅವರು ಬೈದರು, ನ್ಯಾಯವಾಗಿಯೇ ಬೈದರು. ಈಗ ಕಿಕ್‌ಆಫ್ ಕಾಲ್‌ನಲ್ಲಿ ನನ್ನ ಮೊದಲ ಪ್ರಶ್ನೆಯೇ ಅದು: ಯಾವುದಾದರೂ ಗುಂಪಿಗೆ ಬೇರೆ ಲಾಕೌಟ್ ಪಾಲಿಸಿ ಇದೆಯಾ? ಉತ್ತರ ಮೇಲ್‌ನಲ್ಲಿ ಬರಬೇಕು, ಬಾಯಿಮಾತಿನಲ್ಲಿ ಬೇಡ.

ಒಳಗೆ ಹೋದಾಗ ನಿಮಗಿಂತ ಮುಂಚೆ ಯಾರೋ ಬಂದು ಹೋಗಿರೋದು ಕಂಡರೆ?

ಕಂಡಿದೆ. ಅಪ್‌ಲೋಡ್ ಫೋಲ್ಡರಿನಲ್ಲಿ ನಾವು ಹಾಕದ ಒಂದು ವೆಬ್ ಶೆಲ್ (ಸರ್ವರನ್ನು ಹೊರಗಿನಿಂದ ಆಡಿಸುವ ಕಳ್ಳ ಫೈಲ್), ತಾರೀಖು ನೋಡಿದರೆ ನಾಲ್ಕು ತಿಂಗಳ ಹಿಂದಿನದು. ಜೊತೆಗಿದ್ದ ಹುಡುಗ "ತೆಗೆದು ನೋಡೋಣ್ವಾ?" ಅಂದ. ಕೂಡದು. ಆ ಕ್ಷಣದಿಂದ ಅದು ಟೆಸ್ಟ್ ಅಲ್ಲ, ಘಟನೆ ನಡೆದ ಜಾಗ. ನಾವು ಒತ್ತುವ ಪ್ರತಿ ಕೀ ಸಾಕ್ಷ್ಯದ ಮೇಲೆ ಹೆಜ್ಜೆ ಇಟ್ಟ ಹಾಗೆ. ಎಲ್ಲವನ್ನೂ ನಿಲ್ಲಿಸಿ, ಸ್ಕ್ರೀನ್‌ಶಾಟ್ ಮತ್ತು ಸಮಯ ಬರೆದಿಟ್ಟು, ಕ್ಲೈಂಟ್‌ನ ಸಿಐಎಸ್‌ಒಗೆ (ಭದ್ರತೆಯ ಮುಖ್ಯಸ್ಥರಿಗೆ) ನೇರ ಫೋನ್ ಮಾಡುತ್ತೇವೆ. ಮೇಲ್ ಬೇಡ, ಯಾಕೆಂದರೆ ಮೇಲ್ ಸರ್ವರ್ ಕೂಡ ನುಗ್ಗಿದವರ ಕೈ ಸೇರಿರಬಹುದು. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು, 180 ದಿನಗಳ ಲಾಗ್ (ಕಂಪ್ಯೂಟರುಗಳಲ್ಲಿ ಏನಾಯಿತು ಅನ್ನುವ ದಾಖಲೆ) ಇಟ್ಟಿರಬೇಕು. ಆ ಲಾಗ್ ಕೇಳಿದಾಗ ಎದುರಿನವರ ಮುಖ ನೋಡಿದರೆ ಇದೆಯೋ ಇಲ್ಲವೋ ತಿಳಿಯುತ್ತದೆ.

ಹೆಚ್ಚಾಗಿ ಏನು ಸಿಗುತ್ತೆ? ಝೀರೋ ಡೇನಾ?

ಝೀರೋ ಡೇ, ಅಂದರೆ ತಯಾರಿಸಿದವರಿಗೂ ಇನ್ನೂ ಗೊತ್ತಿಲ್ಲದ ತೂತು, ಅಪರೂಪ. ಸಿಗುವುದೆಲ್ಲ ಹಳೆಯ, ಸರಳ ತಪ್ಪುಗಳು. ವೆಬ್ ಭದ್ರತೆಯ ಸಂಸ್ಥೆ ಓವಾಸ್ಪ್‌ನ ಟಾಪ್ ಟೆನ್ ಪಟ್ಟಿಯಲ್ಲಿ ಬ್ರೋಕನ್ ಆಕ್ಸೆಸ್ ಕಂಟ್ರೋಲ್ (ತಮ್ಮದಲ್ಲದ್ದನ್ನು ತೆರೆಯುವವರಿಗೆ ತಡೆ ಇಲ್ಲದಿರುವುದು) 2017ರಲ್ಲಿ ಐದನೆಯದಾಗಿತ್ತು, 2021ರಲ್ಲಿ ಮೊದಲಿಗೆ ಬಂತು. ನನ್ನ ಅನುಭವಕ್ಕೂ ಅದು ಸರಿಹೊಂದುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಬ್ಯಾಂಕಿನ ಮೊಬೈಲ್ ಆ್ಯಪ್. ನನ್ನ ಟೆಸ್ಟ್ ಖಾತೆಯಿಂದ ಲಾಗಿನ್ ಆಗಿ ಸ್ಟೇಟ್‌ಮೆಂಟ್ ಇಳಿಸಿದೆ. ಬರ್ಪ್‌ನಲ್ಲಿ ಆ ಕೋರಿಕೆ ಹಿಡಿದೆ. ಅದರಲ್ಲಿ ಖಾತೆ ಸಂಖ್ಯೆ ಹಾಗೇ ಹೋಗುತ್ತಿತ್ತು, ಕೊನೆಯ ಅಂಕಿ 7. ಅದನ್ನು 8 ಮಾಡಿ ಕಳಿಸಿದೆ. ಪಿಡಿಎಫ್ ಬಂತು. ತೆರೆದರೆ ಯಾರೋ ಹಿರಿಯರದು: ತಿಂಗಳ ಮೊದಲ ವಾರ ಪಿಂಚಣಿ ಜಮಾ, ಕರೆಂಟ್ ಬಿಲ್ಲು, ವಾರ ವಾರ ಒಂದೇ ಮೆಡಿಕಲ್ ಶಾಪಿಗೆ ನಾನೂರು ಚಿಲ್ಲರೆ. ಅದು ಯುಎಟಿ, ಅಂದರೆ ಪರೀಕ್ಷೆಗೆಂದೇ ಮಾಡಿದ ಪರಿಸರ ಅಂತ ನನಗೆ ಹೇಳಿದ್ದರು. ಒಳಗಿದ್ದದ್ದು ಪ್ರೊಡಕ್ಷನ್‌ನಿಂದ (ಗ್ರಾಹಕರು ದಿನವೂ ಬಳಸುವ ವ್ಯವಸ್ಥೆಯಿಂದ) ಹಾಗೇ ನಕಲು ಮಾಡಿದ ಅಸಲಿ ಗ್ರಾಹಕರ ಡೇಟಾ. ಒಂದು ಹುಡುಕಲು ಹೋಗಿ ಎರಡು ಸಿಕ್ಕಿತು.

ಅಲ್ಲಿಗೆ ನಿಲ್ಲಿಸಿದೆ. ಒಂದು ಲೂಪ್ ಬರೆದು ಐದು ಸಾವಿರ ಸ್ಟೇಟ್‌ಮೆಂಟ್ ಇಳಿಸಿದರೆ ರಿಪೋರ್ಟ್ ರೋಚಕವಾಗಿ ಕಾಣುತ್ತದೆ. ಆಮೇಲೆ ಐದು ಸಾವಿರ ಜನರ ಬದುಕು ನನ್ನ ಲ್ಯಾಪ್‌ಟಾಪಿನಲ್ಲಿರುತ್ತದೆ. ತಪ್ಪು ಇದೆ ಅಂತ ತೋರಿಸಲು ಒಂದು ಸಾಕು. ಖಚಿತ ಮಾಡಿಕೊಳ್ಳಲು ನನ್ನದೇ ಎರಡನೇ ಟೆಸ್ಟ್ ಖಾತೆ ಬಳಸಿದೆ, ಆ ಹಿರಿಯರ ಪಿಡಿಎಫ್‌ನಲ್ಲಿ ಹೆಸರು, ಸಂಖ್ಯೆ ಮಸಿ ಬಳಿದು ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೂಲವನ್ನು ಅಳಿಸಿದೆ.

ಆಫೀಸಿನ ಒಳಗಿನ ನೆಟ್‌ವರ್ಕಿನಲ್ಲಾದರೆ ಬೇರೆ ಕಥೆ. 2021ರಲ್ಲಿ ಮೈಕ್ರೋಸಾಫ್ಟ್‌ನ ಸರ್ಟಿಫಿಕೇಟ್ ಸರ್ವೀಸಸ್ (ಡಿಜಿಟಲ್ ಗುರುತುಪತ್ರ ಕೊಡುವ ವ್ಯವಸ್ಥೆ) ಬಗ್ಗೆ ಒಂದು ದೊಡ್ಡ ಸಂಶೋಧನೆ ಹೊರಬಂತು. ಅದರ ನಂತರ ಎಷ್ಟೋ ಕಡೆ ನಮಗೆ ಡೊಮೇನ್ ಅಡ್ಮಿನ್, ಅಂದರೆ ಇಡೀ ನೆಟ್‌ವರ್ಕಿನ ಯಜಮಾನಿಕೆ, ಸಿಕ್ಕಿದ್ದು ಒಂದೇ ಒಂದು ಟಿಕ್ ಗುರುತಿನಿಂದ: ಸರ್ಟಿಫಿಕೇಟ್ ಟೆಂಪ್ಲೇಟಿನಲ್ಲಿ "ಹೆಸರನ್ನು ಅರ್ಜಿದಾರರೇ ಬರೆಯಲಿ" ಅನ್ನುವ ಆಯ್ಕೆ. ಆ ಟೆಂಪ್ಲೇಟಿಗೆ ಸಾಮಾನ್ಯ ಯೂಸರ್ ಅರ್ಜಿ ಹಾಕಬಹುದಾದರೆ, ಹೆಸರಿನ ಜಾಗದಲ್ಲಿ ಅಡ್ಮಿನ್ ಅಂತ ಬರೆದರೆ, ಸರ್ವರ್ ಅಡ್ಮಿನ್‌ನ ಗುರುತುಪತ್ರವನ್ನೇ ಅಚ್ಚುಹಾಕಿ ಕೊಡುತ್ತದೆ. ಹತ್ತು ವರ್ಷದ ಹಿಂದೆ ಯಾರೋ ಪ್ರಿಂಟರ್ ಸೆಟಪ್ ಮಾಡುವಾಗ ಹಾಕಿದ ಟಿಕ್ಕು.

ರಿಪೋರ್ಟ್ ಬರೆಯೋದು ಅಷ್ಟು ಮುಖ್ಯನಾ? ಹ್ಯಾಕ್ ಮಾಡೋದೇ ಮುಖ್ಯ ಅಲ್ವಾ?

ಕ್ಲೈಂಟ್ ದುಡ್ಡು ಕೊಡುವುದು ಆ ಪಿಡಿಎಫ್‌ಗೆ. ನಾವು ಏನು ಮಾಡಿದೆವು ಅಂತ ಬೇರೆ ಯಾವ ಗುರುತೂ ಅವರ ಹತ್ತಿರ ಉಳಿಯುವುದಿಲ್ಲ. ಮೇಲೆ ಹೇಳಿದ ಸ್ಟೇಟ್‌ಮೆಂಟ್ ತಪ್ಪನ್ನು ಜೂನಿಯರ್ ಒಬ್ಬ ಹೀಗೆ ಬರೆದಿದ್ದ: "ಆ್ಯಪ್‌ನಲ್ಲಿ ಐಡಿಒಆರ್ ಇದೆ. ದಾಳಿಕೋರ ಸೂಕ್ಷ್ಮ ಮಾಹಿತಿ ನೋಡಬಹುದು. ಸರಿಯಾದ ಆಕ್ಸೆಸ್ ಕಂಟ್ರೋಲ್ ಅಳವಡಿಸಿ." ಐಡಿಒಆರ್ ಅಂದರೆ ಸಂಖ್ಯೆ ಬದಲಿಸಿ ಬೇರೆಯವರದನ್ನು ತೆರೆಯಬಹುದಾದ ತಪ್ಪು. ಒಂದಕ್ಷರವೂ ಸುಳ್ಳಲ್ಲ, ಒಂದಕ್ಷರವೂ ಉಪಯೋಗಕ್ಕೆ ಬರುವುದಿಲ್ಲ. ನಾವಿಬ್ಬರೂ ಕೂತು ತಿದ್ದಿದ ಮೇಲೆ: "ಲಾಗಿನ್ ಆದ ಯಾವುದೇ ಗ್ರಾಹಕರು ಕೋರಿಕೆಯಲ್ಲಿರುವ ಖಾತೆ ಸಂಖ್ಯೆ ಬದಲಿಸಿ ಬ್ಯಾಂಕಿನ ಬೇರೆ ಗ್ರಾಹಕರ ಆರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಬಹುದು. ಖಾತೆ ಸಂಖ್ಯೆಗಳು ಸಾಲಾಗಿರುವುದರಿಂದ ಊಹೆ ಬೇಕಿಲ್ಲ. ಸರ್ವರ್ ಈ ಸಂಖ್ಯೆಯನ್ನು ಸೆಷನ್‌ನಲ್ಲಿರುವ ಗ್ರಾಹಕರ ಖಾತೆಗಳ ಜೊತೆ ತಾಳೆ ನೋಡಬೇಕು." ಡೆವಲಪರ್‌ಗೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಯಿತು, ಎಂಡಿಗೆ ಯಾಕೆ ನಿದ್ದೆ ಕೆಡಬೇಕು ಅಂತಲೂ ಗೊತ್ತಾಯಿತು.

ಕ್ಲೈಂಟ್ "ಹೈ ಬೇಡ, ಮೀಡಿಯಂ ಮಾಡಿ" ಅಂದ್ರೆ ಏನು ಮಾಡ್ತೀರಿ?

ಪ್ರತಿ ತಿಂಗಳೂ ಅನ್ನುತ್ತಾರೆ. ಅವರ ಕಷ್ಟವೂ ಇದೆ: ಆಡಿಟ್ ಸಮಿತಿಯ ಮುಂದೆ ಹೈ ಎಷ್ಟು ಅಂತ ಲೆಕ್ಕ ಕೊಡಬೇಕು. ತಪ್ಪು ಎಷ್ಟು ಗಂಭೀರ ಅಂತ ಹತ್ತಕ್ಕೆ ಅಂಕ ಕೊಡುವ ಸಿವಿಎಸ್‌ಎಸ್ ಅನ್ನುವ ಲೆಕ್ಕಾಚಾರ ಎಲ್ಲವನ್ನೂ ತೀರ್ಮಾನಿಸುತ್ತದೆ ಅಂದುಕೊಂಡವರಿಗೆ ಒಂದು ತಮಾಷೆ. ಆ ಸ್ಟೇಟ್‌ಮೆಂಟ್ ತಪ್ಪನ್ನು ಸಿವಿಎಸ್‌ಎಸ್ 3.1ರಲ್ಲಿ ನೇರವಾಗಿ ಹಾಕಿ: ನೆಟ್‌ವರ್ಕಿನಿಂದ, ಸುಲಭವಾಗಿ, ಸಾಮಾನ್ಯ ಲಾಗಿನ್ ಸಾಕು, ಗೌಪ್ಯತೆಗೆ ಪೂರ್ತಿ ಧಕ್ಕೆ, ಉಳಿದೆರಡಕ್ಕೆ (ಮಾಹಿತಿ ತಿದ್ದುವುದು, ಸೇವೆ ನಿಲ್ಲಿಸುವುದು) ಇಲ್ಲ. ಬರುವ ಅಂಕ 6.5. ಅಂದರೆ ಮೀಡಿಯಂ! ಬ್ಯಾಂಕಿನ ಎಲ್ಲ ಗ್ರಾಹಕರ ಲೆಕ್ಕಪತ್ರ ಬೀದಿಗೆ ಬಂದರೂ ಮೀಡಿಯಂ.

ಅಲ್ಲಿಗೆ ಸೀನಿಯರ್ ಕೂತು ವಾದ ಮಾಡಬೇಕು. ನಾನು ಅಂಕವನ್ನು ತಿರುಚುವುದಿಲ್ಲ, ಅದನ್ನು 6.5 ಅಂತಲೇ ಬರೆದು ಪಕ್ಕದಲ್ಲಿ ವ್ಯವಹಾರದ ಅಪಾಯವನ್ನು ಹೈ ಅಂತ ಬರೆದು ಕಾರಣ ಕೊಡುತ್ತೇನೆ. ವೈಯಕ್ತಿಕ ಡೇಟಾ ಕಾಯ್ದೆ 2023ರಲ್ಲಿ ಸಾಕಷ್ಟು ಭದ್ರತೆ ಕೊಡದಿದ್ದಕ್ಕೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು ಅನ್ನುವ ವಾಕ್ಯ ಅಲ್ಲಿ ಕೆಲಸಕ್ಕೆ ಬರುತ್ತದೆ. ಅವರು ಹೊಸ ಸಾಕ್ಷ್ಯ ತಂದರೆ, ಉದಾಹರಣೆಗೆ ಆ ಸರ್ವರ್ ಹೊರಗಿನಿಂದ ಸಿಗುವುದೇ ಇಲ್ಲ ಅಂತ ತೋರಿಸಿದರೆ, ಇಳಿಸುತ್ತೇನೆ. "ಸಂಬಂಧ ಚೆನ್ನಾಗಿರಲಿ ಮೇಡಂ" ಅಂದರೆ ಇಳಿಸುವುದಿಲ್ಲ. ಬೇಕಿದ್ದರೆ "ಅಪಾಯವನ್ನು ಒಪ್ಪಿಕೊಂಡಿದ್ದೇವೆ" ಅಂತ ಅವರೇ ಸಹಿ ಹಾಕಲಿ. ಆ ಕಾಗದ ಮುಂದಿಟ್ಟಾಗ ಹೆಚ್ಚಿನವರು ಸರಿಪಡಿಸಲು ಒಪ್ಪುತ್ತಾರೆ.

ಸಣ್ಣ ಬ್ಯಾಂಕನ್ನ ಯಾರು ಮುಟ್ತಾರೆ ಅನ್ನೋರಿಗೆ ಏನು ಹೇಳ್ತೀರಿ?

ಪುಣೆಯ ಕಾಸ್ಮೊಸ್ ಬ್ಯಾಂಕ್ ಸಹಕಾರಿ ಬ್ಯಾಂಕೇ. ಆಗಸ್ಟ್ 2018ರಲ್ಲಿ ಎರಡು ಮೂರು ದಿನದೊಳಗೆ ಅಲ್ಲಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಎಟಿಎಂ ಕೋರಿಕೆಗಳಿಗೆ ಹೂಂ ಅನ್ನುವ ವ್ಯವಸ್ಥೆಯನ್ನೇ ಅಡ್ಡದಾರಿಗೆ ತಿರುಗಿಸಿ, ನಕಲಿ ಕಾರ್ಡುಗಳಿಂದ ಹಲವು ದೇಶಗಳ ಎಟಿಎಂಗಳಲ್ಲಿ ದುಡ್ಡು ತೆಗೆದರು. ನಗರ ಸಹಕಾರಿ ಬ್ಯಾಂಕುಗಳನ್ನು ನಾಲ್ಕು ಹಂತ ಮಾಡಿ ಆರ್‌ಬಿಐ ಸೈಬರ್ ಭದ್ರತೆಯ ಚೌಕಟ್ಟು ತಂದದ್ದು 2019ರ ಕೊನೆಯ ದಿನ.

ಬೋರ್ಡ್ ಮೀಟಿಂಗುಗಳಲ್ಲಿ ನಾನು ಕನ್ನಡದಲ್ಲೇ ಮಾತಾಡುತ್ತೇನೆ. ಒಂದು ಕಡೆ ಹಿರಿಯ ನಿರ್ದೇಶಕರೊಬ್ಬರು "ಪಾಸ್‌ವರ್ಡ್ ಇದೆಯಲ್ಲಮ್ಮ, ಇನ್ನೇನು ತೊಂದರೆ?" ಅಂದರು. "ಸರ್, ಲಾಕರ್ ರೂಮಿನ ಬಾಗಿಲಲ್ಲಿ ನಿಮ್ಮವರು ಗುರುತು ನೋಡಿ ಒಳಗೆ ಬಿಡ್ತಾರೆ. ಒಳಗೆ ಹೋದಮೇಲೆ ನಾನು ಯಾರ ಲಾಕರ್ ತೆಗೀತಿದ್ದೀನಿ ಅಂತ ಯಾರೂ ನೋಡ್ತಿಲ್ಲ" ಅಂದೆ. ಅವರು ತಕ್ಷಣ ಐಟಿ ಮ್ಯಾನೇಜರ್ ಕಡೆ ತಿರುಗಿದರು. ಆ ದಿನದ ನಲವತ್ತು ಸ್ಲೈಡುಗಳಲ್ಲಿ ಕೆಲಸ ಮಾಡಿದ್ದು ಆ ಒಂದು ಮಾತು.

ಯಾವ ಸರ್ಟಿಫಿಕೇಟ್ ಮಾಡಬೇಕು? ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಆಗುತ್ತಾ?

ಒಎಸ್‌ಸಿಪಿ (ಹ್ಯಾಕ್ ಮಾಡಿಯೇ ತೋರಿಸಬೇಕಾದ ಪರೀಕ್ಷೆಯ ಸರ್ಟಿಫಿಕೇಟ್) ಇದ್ದರೆ ಎಚ್‌ಆರ್ ಬಾಗಿಲು ತೆರೆಯುತ್ತದೆ. 23 ಗಂಟೆ 45 ನಿಮಿಷ ಪರೀಕ್ಷೆ, ಆಮೇಲೆ ರಿಪೋರ್ಟಿಗೆ ಇನ್ನೊಂದು 24 ಗಂಟೆ. ನಿದ್ದೆಗೆಟ್ಟು ಬರೆಯುವ ಆ ರಿಪೋರ್ಟೇ ಅದರಲ್ಲಿ ನಿಜವಾದ ಪಾಠ ಅಂತ ನನ್ನ ಅಭಿಪ್ರಾಯ. ಸಿಇಎಚ್ ಅನ್ನುವ ಇನ್ನೊಂದು ಸರ್ಟಿಫಿಕೇಟನ್ನು ಸರ್ಕಾರಿ ಟೆಂಡರುಗಳು ಈಗಲೂ ಕೇಳುತ್ತವೆ, ಅದಕ್ಕಾಗಿ ಮಾಡಿಸುತ್ತಾರೆ. ಸರ್ಟಿಫಿಕೇಟು ಸಾಲ ಮಾಡಿ ಮಾಡುವಷ್ಟು ಮುಖ್ಯವಲ್ಲ. ಬರ್ಪ್ ಮಾಡುವ ಪೋರ್ಟ್‌ಸ್ವಿಗರ್‌ನವರ ವೆಬ್ ಸೆಕ್ಯುರಿಟಿ ಅಕಾಡೆಮಿ ಪೂರ್ತಿ ಉಚಿತ. ಅದನ್ನು ಮುಗಿಸಿದವರನ್ನು ನಾನು ಸಂದರ್ಶನದಲ್ಲಿ ಹತ್ತು ನಿಮಿಷದಲ್ಲಿ ಗುರುತಿಸುತ್ತೇನೆ.

ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಶಾಲೆ. ಇಂಗ್ಲಿಷ್ ರಿಪೋರ್ಟ್ ಬರೆಯಲು ಕಷ್ಟಪಟ್ಟಿದ್ದೇನೆ, ಎರಡು ವರ್ಷ ಬೇಕಾಯಿತು. ಸಣ್ಣ ವಾಕ್ಯ ಬರೆಯುವ ಅಭ್ಯಾಸ ಆ ಕಷ್ಟದಿಂದಲೇ ಬಂತು. ಈಗ ಅದನ್ನೇ ಶೈಲಿ ಅನ್ನುತ್ತಾರೆ, ಇರಲಿ.

ಬೆಂಗಳೂರಿನಲ್ಲಿರುವವರು ನಲ್ ಅನ್ನುವ ಸೆಕ್ಯುರಿಟಿಯವರ ಸಮುದಾಯದ ಮೀಟಿಂಗುಗಳಿಗೆ ಹೋಗಿ. ಪ್ರವೇಶಕ್ಕೆ ದುಡ್ಡಿಲ್ಲ. ನನಗೆ ಮೊದಲ ಕೆಲಸ ಸಿಕ್ಕಿದ್ದು ಅಂಥ ಒಂದು ಶನಿವಾರ, ಚಹಾ ಕುಡಿಯುವಾಗ.

ಬೇರೆಯವರ ವೆಬ್‌ಸೈಟಲ್ಲಿ ತಪ್ಪು ಕಂಡರೆ ಹೇಳಬಹುದಾ?

"ಕಂಡರೆ" ಅನ್ನುವುದಕ್ಕೂ "ಹುಡುಕಿದರೆ" ಅನ್ನುವುದಕ್ಕೂ ಅಜಗಜಾಂತರ. ಸೆಕ್ಷನ್ 43 ಅನುಮತಿ ಇತ್ತಾ ಅಂತ ಕೇಳುತ್ತದೆ, ನಿಮ್ಮ ಮನಸ್ಸು ಒಳ್ಳೆಯದಿತ್ತಾ ಅಂತ ಕೇಳುವುದಿಲ್ಲ. ಕಂಪನಿಗೆ ಬಗ್ ಬೌಂಟಿ (ತಪ್ಪು ಹುಡುಕಿದವರಿಗೆ ಬಹುಮಾನ) ಅಥವಾ ಡಿಸ್‌ಕ್ಲೋಷರ್ (ತಪ್ಪು ತಿಳಿಸುವ) ಪುಟ ಇದ್ದರೆ ಅಲ್ಲಿ ಬರೆದ ಗಡಿಯೊಳಗೆ ನೋಡಿ. ಇಲ್ಲದಿದ್ದರೆ ಕಂಡದ್ದನ್ನು ಸರ್ಟ್-ಇನ್‌ಗೆ ತಿಳಿಸಿ, ಮುಂದೆ ಕೆದಕಬೇಡಿ. "ದುಡ್ಡು ಕೊಟ್ಟರೆ ಹೇಳ್ತೀನಿ" ಅಂತ ಮೇಲ್ ಮಾಡಿದ ಹುಡುಗರ ಗತಿ ನೋಡಿದ್ದೇನೆ.

ಎಐ ಬಂದಮೇಲೆ ನಿಮ್ಮ ಕೆಲಸ ಇರುತ್ತಾ?

ಸ್ಕ್ಯಾನರ್‌ಗೆ ಲೋಗೋ ಅಂಟಿಸುವವರದು ಇರಲಿಕ್ಕಿಲ್ಲ. ನನಗೂ ಎಐ ದಿನವೂ ಉಪಯೋಗಕ್ಕೆ ಬರುತ್ತದೆ: ಎರಡು ಸಾವಿರ ಸಾಲಿನ ಜಾವಾಸ್ಕ್ರಿಪ್ಟ್ ಓದಿಸಲು, ಸಣ್ಣ ಸ್ಕ್ರಿಪ್ಟ್ ಬರೆಸಲು. ಆದರೆ ಕ್ಲೈಂಟ್‌ನ ಕೋಡನ್ನೋ ಸ್ಕ್ರೀನ್‌ಶಾಟನ್ನೋ ಹೊರಗಿನ ಚಾಟ್‌ಬಾಟಿಗೆ ಅಂಟಿಸಿದರೆ ಎನ್‌ಡಿಎ (ಗುಟ್ಟು ಕಾಯುವ ಒಪ್ಪಂದ) ಮುರಿದ ಹಾಗೆ. ಒಬ್ಬ ಜೂನಿಯರ್‌ಗೆ ಇದನ್ನು ಜೋರಾಗಿಯೇ ಹೇಳಬೇಕಾಯಿತು. ಮತ್ತೆ, ಈ ಬ್ಯಾಂಕಿನಲ್ಲಿ ಮೇಕರ್‌ನೇ ಚೆಕರ್ ಆಗಬಾರದು ಅನ್ನುವ ನಿಯಮ ಯಾವ ಕೋಡಿನಲ್ಲೂ ಬರೆದಿರುವುದಿಲ್ಲ, ಬ್ರಾಂಚಿನವರನ್ನು ಕೇಳಿಯೇ ತಿಳಿಯಬೇಕು. ಹೊಸ ಕೆಲಸವೂ ಹುಟ್ಟಿದೆ. ಗ್ರಾಹಕರ ಜೊತೆ ಮಾತಾಡುವ ಬಾಟ್‌ಗಳನ್ನು ಮಾತಿನಲ್ಲೇ ಮರುಳು ಮಾಡಿ ಒಳಗಿನ ಮಾಹಿತಿ ಕಕ್ಕಿಸುವುದು ಈಗ ಸ್ಕೋಪಿನಲ್ಲಿ ಬರುತ್ತಿದೆ.

ಸಂಬಳ, ಸಮಯ, ಪ್ರಯಾಣ?

ಸಂಬಳ ಚೆನ್ನಾಗಿದೆ. ಸಮಯ ಪ್ರಾಜೆಕ್ಟಿನ ಕೈಯಲ್ಲಿದೆ, ಪ್ರೊಡಕ್ಷನ್ ಟೆಸ್ಟ್ ಅಂದರೆ ರಾತ್ರಿ ಹನ್ನೆರಡರಿಂದ ನಾಲ್ಕು. ಮಾರ್ಚ್ ತಿಂಗಳು ಎಲ್ಲರಿಗೂ ಆಡಿಟ್ ಮುಗಿಸುವ ಆತುರ, ರಜೆ ಕೇಳಬೇಡಿ. ಡಿಸೆಂಬರ್ 2021ರಲ್ಲಿ ಲಾಗ್‌ಫೋರ್‌ಶೆಲ್ ಅನ್ನುವ ದೊಡ್ಡ ಸಾಫ್ಟ್‌ವೇರ್ ತೂತು ಬೆಳಕಿಗೆ ಬಂದ ವಾರಾಂತ್ಯ ನಮ್ಮನೆಯಲ್ಲಿ ನಾಮಕರಣವಿತ್ತು. ನಾನು ದೇವರ ಕೋಣೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಅತ್ತೆ ಅದನ್ನು ಇನ್ನೂ ಮರೆತಿಲ್ಲ.

ನನ್ನ ಇನ್‌ಸ್ಟಾಗ್ರಾಮ್ ವಾಪಸ್ ತೆಗೆದುಕೊಡ್ತೀರಾ? ಅಳಿಯನ ವಾಟ್ಸಾಪ್ ನೋಡಬಹುದಾ?

ಮೊದಲನೆಯದಕ್ಕೆ ಆ ಕಂಪನಿಯ ರಿಕವರಿ ಪುಟವೇ ದಾರಿ, ನನ್ನ ಹತ್ತಿರ ಬೇರೆ ಮಂತ್ರ ಇಲ್ಲ. ಎರಡನೆಯದಕ್ಕೆ ಇಲ್ಲ. ದೊಡ್ಡಮ್ಮ ಕೇಳಿದರೂ ಇಲ್ಲ, ಸೆಕ್ಷನ್ 66 ದೊಡ್ಡಮ್ಮನಿಗೂ ಅನ್ವಯಿಸುತ್ತದೆ. ದುಡ್ಡು ಹೋಗಿದ್ದರೆ ನನಗೆ ಫೋನ್ ಮಾಡುತ್ತಾ ಹೊತ್ತು ಕಳೆಯಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ದುಡ್ಡು ಮಧ್ಯದಲ್ಲೇ ತಡೆಯುವ ಸಾಧ್ಯತೆ ಇರುತ್ತದೆ.

ನೀವು ಹೇಳಿದ ಮೇಲೆ ಎಲ್ಲ ಸರಿ ಮಾಡ್ತಾರಾ?

ರೀಟೆಸ್ಟ್ ಇರುವುದೇ ಅದಕ್ಕೆ. ಆ ಸ್ಟೇಟ್‌ಮೆಂಟ್ ತಪ್ಪನ್ನು ಬ್ಯಾಂಕಿನವರು ಮೂರು ವಾರದಲ್ಲಿ ಸರಿಪಡಿಸಿದರು. ಖಾತೆ ಸಂಖ್ಯೆ ಬದಲಿಸಿದರೆ "ಅನುಮತಿ ಇಲ್ಲ" ಅಂತ ಬಂತು. ಮುಚ್ಚಲಾಗಿದೆ ಅಂತ ಬರೆದು ಸಹಿ ಹಾಕಿದೆ. ಮರುವರ್ಷ ಅದೇ ಬ್ಯಾಂಕು, ಅದೇ ಆ್ಯಪ್, ಹೊಸ ರೂಪ. ಹೊಸ ಎಪಿಐ ಅಚ್ಚುಕಟ್ಟಾಗಿ ಬೈದು ಕಳಿಸಿತು. ಸುಮ್ಮನೆ ವಿಳಾಸದಲ್ಲಿದ್ದ ವಿ3 (ಮೂರನೇ ಆವೃತ್ತಿ) ಅನ್ನು ವಿ1 ಮಾಡಿದೆ. ಹಳೆಯ ಫೋನುಗಳಲ್ಲಿ ಇನ್ನೂ ಹಳೆಯ ಆ್ಯಪ್ ಇದೆ ಅಂತ ಅದನ್ನು ಯಾರೂ ನಿಲ್ಲಿಸಿರಲಿಲ್ಲ. ಹೋದ ವರ್ಷ ತಾಳೆ ನೋಡುವ ಕೋಡ್ ಸೇರಿಸಿದ್ದು ವಿ2ಗೆ ಮಾತ್ರ, ನಾನು ರೀಟೆಸ್ಟ್ ಮಾಡಿದ್ದೂ ವಿ2 ಮೇಲೆ ಮಾತ್ರ. ಪಿಡಿಎಫ್ ಇಳಿಯಿತು. ಈ ಸಲದ ರಿಪೋರ್ಟಿನಲ್ಲಿ ಆ ಫೈಂಡಿಂಗ್ ಕೆಳಗೆ "ಹಿಂದಿನ ರೀಟೆಸ್ಟ್‌ನಲ್ಲಿ ಹಳೆಯ ಆವೃತ್ತಿಯನ್ನು ಪರೀಕ್ಷಿಸಿರಲಿಲ್ಲ" ಅಂತ ನನ್ನ ಹೆಸರಿನಲ್ಲೇ ಒಂದು ಸಾಲು ಸೇರಿಸಿ ಕಳಿಸಿದೆ.